ಗಣಪತಿಯ ಬೆನ್ನಿಗಂಟಿದ ಕಾರ್ಡು

ಲ್ಯಾಮಿನೇಶನ್ ಯಂತ್ರದಿಂದ ಬಿಸಿಬಿಸಿಯಾಗಿ ಹೊರಬರುವ ಪ್ಲಾಸ್ಟಿಕ್ಕಿನ ವಾಸನೆ ನಿಮಗೆ ಗೊತ್ತಿರಲೇಬೇಕು. ನಿನ್ನೆ ಬೆಳಿಗ್ಗೆ ಕಾರವಾರದ ಒಂದು ಝೆರಾಕ್ಸ್ ಅಂಗಡಿಯಲ್ಲಿ ನನ್ನ ಸರದಿ ಕಾಯುತ್ತ ನಿಂತಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು. ನನ್ನ ಮುಂದಿದ್ದವರು ತಮ್ಮ ಆಧಾರ್ ಕಾರ್ಡಿಗೆ ಹೊದಿಕೆ ಹಾಕಿಸುತ್ತಿದ್ದರು. ನಾನು ಅಲ್ಲಿಗೆ ಹೋದದ್ದು ಒಂದು ಪುಟದ ಫಾರ್ಮ್ ತುಂಬಿಸಲು. ಯಾವ ಫಾರ್ಮ್ ಎಂದು ಆಮೇಲೆ ಹೇಳುತ್ತೇನೆ. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು ನಾನು. ಸಾರಾಂಶವನ್ನು ಮೊದಲೇ ಹೇಳಿಬಿಟ್ಟರೆ ಲಗತ್ತುಗಳನ್ನು ಯಾರೂ ಓದುವುದಿಲ್ಲ.

ಆ ಅಂಗಡಿ ನಮ್ಮ ಕಚೇರಿಯ ಎದುರಿಗೇ ಇದೆ. ಅಂಗಡಿಯಾಕೆ ನನ್ನನ್ನು ಕಂಡರೆ ಇವತ್ತಿಗೂ ಕುರ್ಚಿ ಕೊಡುತ್ತಾಳೆ, ಕೊಡಲೇಬೇಕು. 'ಒಂದು ಝೆರಾಕ್ಸ್ ಕಡಿಮೆ ಬಿತ್ತು, ತನ್ನಿ' ಎಂದು ನಾನು ಅಟ್ಟಿದ ಜನರಿಂದಲೇ ಅವಳ ಅಂಗಡಿಗೆ ಹಂಚು ಹೋಗಿ ಸಿಮೆಂಟಿನ ಸ್ಲ್ಯಾಬ್ ಬಿದ್ದದ್ದು. ಯಾಕೆ ಕಡಿಮೆ ಬಿತ್ತು ಎಂದು ಯಾರೂ ಕೇಳುತ್ತಿರಲಿಲ್ಲ, ಕೇಳಿದ್ದರೂ ನನಗೇ ಗೊತ್ತಿರಲಿಲ್ಲ. ಇನ್ನೊಂದು ಅಭ್ಯಾಸವೂ ನನಗೆ ಅದೇ ಕಚೇರಿಯಲ್ಲಿ ಅಂಟಿತು. ಏನು ಬರೆದರೂ, ಏನು ಯೋಚಿಸಿದರೂ ತುಟಿಯಲ್ಲಿ ಅದನ್ನು ಗುಣುಗುಟ್ಟುವುದು. "ನಿಮ್ ಮನಸಲ್ಲಿದ್ದದ್ದು ತಿಳ್ಕಣೂಕೆ ಜ್ಯೋತಿಷ್ಯ ಬೇಡ, ಬಾಗ್ಲ ಹಿಂದೆ ನಿಂತ್ರೆ ಸಾಕು" ಎನ್ನುತ್ತಾಳೆ ನನ್ನ ಹೆಂಡತಿ ಸುಮಿತ್ರಾ.

ಅಂಕೋಲೆಯ ಬಾಳೆಗುಳಿ ಕ್ರಾಸಿನಿಂದ ಒಳಗೆ, ಗದ್ದೆಯ ಬದಿಗೆ ನಮ್ಮ ಮನೆ. ಅಲ್ಲಿ ಚೌತಿಗೆ ಒಂದು ಪದ್ಧತಿಯಿದೆ, ಬೇರೆ ಮನೆಗಳಲ್ಲಿ ನಾನು ಕಂಡಿಲ್ಲ. ಅಪ್ಪ ಒಕ್ಕಲಾಗಿದ್ದ ಕಾಲದಲ್ಲಿ, ಉಳುವವನಿಗೇ ಗದ್ದೆ ಎಂಬ ಕಾನೂನು ಬಂದಾಗ, ಡಿಕ್ಲರೇಶನ್ ಫಾರ್ಮನ್ನು ಕಚೇರಿಗೆ ಕೊಡುವ ಮೊದಲು ಗಣಪತಿ ಕೂತ ಮಣೆಯ ಅಡಿಗೆ ಇಟ್ಟನಂತೆ. ಗದ್ದೆ ಅವನ ಹೆಸರಿಗಾಯಿತು. ಕೇಸು ನಡೆಸಿದ ವಕೀಲರಿಗೆ ಒಂದು ಬಾಳೆಗೊನೆ ಸಿಕ್ಕಿತು, ಕೀರ್ತಿಯೆಲ್ಲ ಗಣಪತಿಗೆ ಹೋಯಿತು. "ಅವ ಸಹಿ ಹಾಕ್ದೆ ಯಾವ ಸಾಯೇಬನೂ ಹಾಕೂದಿಲ್ಲ" ಎಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದ. ಅಂದಿನಿಂದ ಆ ವರ್ಷ ಮನೆಗೆ ಯಾವ ಕಾಗದ ದೊಡ್ಡದೋ ಅದು ಮಣೆಯ ಅಡಿಗೆ. ಪಹಣಿ, ನನ್ನ ನೌಕರಿಯ ಆರ್ಡರು, ಪಿಂಚಣಿಯ ಕಾಗದ, ಎಲ್ಲವೂ ಅಲ್ಲಿ ಐದು ದಿನ ಕಳೆದೇ ಕಪಾಟು ಸೇರಿದ್ದು. ನಾನು ಮೆಟ್ರಿಕ್ಕಿನಲ್ಲಿ ಗಣಿತಕ್ಕೆ ಡುಮ್ಕಿ ಹೊಡೆದ ಅಂಕಪಟ್ಟಿಯನ್ನೂ ಅಪ್ಪ ಇಟ್ಟಿದ್ದ. ಅದರಲ್ಲೇನೂ ತಿದ್ದುಪಡಿ ಆಗಲಿಲ್ಲ.

ಇನ್ನು ಅಕ್ಕನ ವಿಷಯ. ನನಗಿಂತ ನಾಲ್ಕು ವರ್ಷ ದೊಡ್ಡವಳು, ನರ್ಸು. ಭಾವ ಕದ್ರಾದಲ್ಲಿ ವಿದ್ಯುತ್ ನೌಕರಿಯಲ್ಲಿದ್ದರು. ಕಾಯಿಲೆ ಬಿದ್ದು ಬೇಗ ಹೋಗಿಬಿಟ್ಟರು. ಆಗ ಅಕ್ಕ, ಮಗಳು ಪಲ್ಲವಿಯನ್ನು ಕಟ್ಟಿಕೊಂಡು, ಮುದುಕರ ಆರೈಕೆಯ ಕೆಲಸ ಹಿಡಿದು ಕೆನಡಾಕ್ಕೆ ಹೋದಳು. ಕಾರವಾರದಿಂದ ಆಚೆ ಗೋವಾ ಬಿಟ್ಟು ಬೇರೆ ಏನೂ ಕಾಣದ ಹೆಂಗಸು, ನಮ್ಮ ಅಕ್ಕ! ಹಿಮದಲ್ಲಿ ಜಾರಿ ಬಿದ್ದಳು, ಎದ್ದಳು, ಮಗಳನ್ನು ಓದಿಸಿದಳು, ಅಲ್ಲೇ ಮದುವೆ ಮಾಡಿದಳು. ಆ ಸರ್ಕಾರ ಅವಳಿಗೆ 'ಖಾಯಂ ನಿವಾಸಿ' ಎಂಬ ಕಾರ್ಡು ಕೊಟ್ಟಿತು. ಅದನ್ನು ತೋರಿಸದಿದ್ದರೆ ಅಲ್ಲಿಗೆ ಮರಳುವ ವಿಮಾನಕ್ಕೆ ಹತ್ತಿಸುವುದಿಲ್ಲ. ಮನುಷ್ಯ ಖಾಯಂ, ಆದರೆ ಕಾರ್ಡಿಗೆ ಮಾತ್ರ ಐದು ವರ್ಷದ ಆಯುಷ್ಯ. ಇದನ್ನು ಕೇಳಿ ನನಗೆ ಆ ದೇಶದ ಗುಮಾಸ್ತರ ಮೇಲೆ ಬಹಳ ಗೌರವ ಬಂತು. ನಮ್ಮಲ್ಲಿಯೂ ಇಷ್ಟು ಚಂದ ಯಾರಿಗೂ ಹೊಳೆದಿರಲಿಲ್ಲ.

ಅವಳು ಅಲ್ಲಿಯ ನಾಗರಿಕತ್ವಕ್ಕೇ ಅರ್ಜಿ ಹಾಕಬಹುದಿತ್ತು, ವರ್ಷಗಳಿಂದ ಹಕ್ಕಿತ್ತು. ಹಾಕದಂತೆ ತಡೆದವನು ನಾನೇ. ನಾಗರಿಕತ್ವ ತೆಗೆದುಕೊಂಡರೆ ನಮ್ಮ ದೇಶದ ಪಾಸ್‌ಪೋರ್ಟು ಬಿಟ್ಟುಕೊಡಬೇಕು. "ಅದ್ನ ಕೊಟ್ಟೆ ಅಂದ್ರೆ ನೀ ನಮ್ ಮನೆಗೆ ಟೂರಿಸ್ಟು ನೋಡು" ಎಂದು ಫೋನಿನಲ್ಲಿ ಪ್ರತಿ ಸಲ ಹೇಳುತ್ತಿದ್ದೆ. "ಆಯ್ತ ಮಾರಾಯಾ, ಬಿಡು" ಎಂದು ಅವಳು ಪ್ರತಿ ಸಲ ಬಿಡುತ್ತಿದ್ದಳು.

ಎರಡು ವರ್ಷದ ಹಿಂದೆ ಅವಳು ಚೌತಿಗೆ ಬಂದಳು. ಪಲ್ಲವಿ ಬಸುರಿ, ದೀಪಾವಳಿಯ ಹೊತ್ತಿಗೆ ದಿನ ತುಂಬುವುದಿತ್ತು. ಮೊದಲ ಬಾಣಂತನ, ತಾಯಿಯೇ ಮಾಡಬೇಕು. ಹಬ್ಬ ಮುಗಿಸಿ, ಲೇಹ್ಯಕ್ಕೆ ಅಂಕೋಲೆಯ ಅಂಗಡಿಯ ಬೇರು-ನಾರು ಕಟ್ಟಿಸಿಕೊಂಡು, ಹತ್ತೇ ದಿನದಲ್ಲಿ ಮರಳುವ ಟಿಕೀಟಿತ್ತು. ಚೌತಿಯ ಬೆಳಿಗ್ಗೆ ನಾನು ಮಣೆಯ ಅಡಿಗೆ ಕಾಗದ ಜೋಡಿಸುತ್ತಿದ್ದಾಗ ಅವಳು ಪರ್ಸಿನಿಂದ ಆ ಕಾರ್ಡನ್ನು ತೆಗೆದು ಕೊಟ್ಟಳು.

"ತಮಾ, ಇದ್ನೂ ಇಡು. ನಿನ್ ಪಹಣಿ ಹತ್ರ ಜಾಗ ಅದ್ಯಾ?"

"ಖಾಯಂ ನಿವಾಸಿಗೆ ಜಾಗ ಇಲ್ದೆ ಇರ್ತದಾ?" ಎಂದೆ. ದೊಡ್ಡ ಹಾಸ್ಯ ಮಾಡಿದೆನೆಂದು ನಾನೊಬ್ಬನೇ ನಕ್ಕೆ.

ಮಣೆಯ ಅಡಿಗೆ ಇಟ್ಟಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ಕಾರ್ಡು ಸಣ್ಣದು, ಮಣೆಯ ಅಡಿಗೆ ಹರಡಿದ ಅಕ್ಕಿಯಲ್ಲಿ ಹೂತುಹೋದೀತು ಎಂದು ನನ್ನ ಬುದ್ಧಿ ಓಡಿತು. ಗಣಪತಿಯ ಬೆನ್ನಿಗೂ ಹಿಂದಿನ ಪ್ರಭಾವಳಿಗೂ ನಡುವೆ ಬೆರಳಷ್ಟು ಸಂದಿತ್ತು, ಅಲ್ಲಿಗೆ ಸಿಗಿಸಿದೆ. ನಮ್ಮ ಕಡೆಯ ಗಣಪತಿ ಮಾಡುವವರನ್ನು ನೀವು ಬಲ್ಲಿರಲ್ಲ? ಗಣಪತಿ ಕೂತ ಮಣೆ ಒಯ್ಯುವವರ ತಲೆಯ ಮೇಲೆ ಏರುವವರೆಗೂ ಬಣ್ಣ ಬಳಿಯುತ್ತಲೇ ಇರುತ್ತಾರೆ. ಮುಂದಿನ ಬಣ್ಣ ಒಣಗಿತ್ತು. ಬೆನ್ನಿನದು ಒಣಗಿತ್ತೋ ಇಲ್ಲವೋ ಎಂದು ಯಾರು ನೋಡುತ್ತಾರೆ?

ಸಿಗಿಸುವಾಗ ನಾನು ಕೈಮುಗಿದು ಒಂದು ಮಾತು ಬೇಡಿಕೊಂಡೆ. ಅದನ್ನು ನಿಮಗೆ ಹೇಳಿಬಿಡುತ್ತೇನೆ, ಬಹಳ ದಿನ ಯಾರಿಗೂ ಹೇಳಿರಲಿಲ್ಲ. 'ಇವಳು ಇನ್ನು ಹೋಗುವುದು ಬೇಡ, ಇಲ್ಲೇ ಉಳಿಯಲಿ' ಎಂದು ಬೇಡಿದೆ. ಬಸುರಿ ಮಗಳ ನೆನಪು ಆ ಕ್ಷಣಕ್ಕೆ ನನಗೆ ಬರಲೇ ಇಲ್ಲ. ಅಕ್ಕ ಮನೆಯಲ್ಲಿದ್ದಳು, ಒಳಗೆ ಕಾಯಿ ತುರಿಯುವ ಸದ್ದಿತ್ತು, ಅಷ್ಟೇ ನನಗೆ ಬೇಕಿತ್ತು. ಸ್ವಾರ್ಥಿ ಎನ್ನಿ, ಒಪ್ಪುತ್ತೇನೆ.

ಐದನೆಯ ದಿನ ಸಮುದ್ರದಲ್ಲಿ ವಿಸರ್ಜನೆ. ಹೊರಡುವ ಮೊದಲು ನಾನೇ ಮಣೆಯ ಅಡಿಯಿಂದ ಕಾಗದಗಳನ್ನು ತೆಗೆದು, ಒಂದೊಂದನ್ನೂ ಹೆಸರು ಹೇಳಿ ಕಪಾಟಿಗೆ ಸೇರಿಸಿದೆ. ಎಲ್ಲ ಬರಾಬರ್. ಅಡಿಗೆ ಇಟ್ಟಿರದ ಕಾರ್ಡು ಅಡಿಯಲ್ಲಿ ಹೇಗೆ ಸಿಕ್ಕೀತು? ಟೆಂಪೋ ಹತ್ತಿ ಹೋಗಿ, ಎದೆಮಟ್ಟದ ನೀರಿನಲ್ಲಿ ಗಣಪತಿಯನ್ನು ಮೂರು ಸಲ ಮುಳುಗಿಸಿ ಬಿಟ್ಟೆವು. ಪದ್ಧತಿಯಂತೆ ಒಂದು ಹಿಡಿ ಮರಳನ್ನು ಅದೇ ಮಣೆಯ ಮೇಲೆ ಮನೆಗೆ ತಂದೆವು. ಮರಳನ್ನು ಜೋಪಾನವಾಗಿ ತಂದವನು ನಾನೇ.

ಮಾರನೆಯ ದಿನ ಅಕ್ಕ ಪೆಟ್ಟಿಗೆ ಕಟ್ಟುತ್ತ, "ಕಾರ್ಡ್ ಕೊಡ ತಮಾ" ಎಂದಳು. ಕಪಾಟು ತೆಗೆದೆ. ಕಪಾಟಿನ ಬಾಗಿಲು ಹಿಡಿದು ಹಾಗೇ ನಿಂತೆ. ಸುಮಿತ್ರಾ ಬಂದು ನನ್ನ ಮೋರೆ ನೋಡಿ, "ಅಯ್ಯೋ ದೇವ್ರೇ, ಬೆನ್ನಿಗಿಟ್ಟಿದ್ರಲ್ರೀ!" ಎಂದು ತಲೆಯ ಮೇಲೆ ಕೈಹೊತ್ತಳು.

ಇಳಿತದ ಹೊತ್ತಿಗೆ ಮೂವರೂ ಸಮುದ್ರದ ದಂಡೆಗೆ ಓಡಿದೆವು. ಹತ್ತಾರು ಮನೆಯ ಗಣಪತಿಗಳು ಅರೆಬರೆ ಕರಗಿ ಮರಳಿಗೆ ಬಂದು ಬಿದ್ದಿದ್ದವು. ನಾನು ಪಂಚೆ ಎತ್ತಿ ಕಟ್ಟಿ ಒಬ್ಬೊಬ್ಬ ಗಣಪತಿಯ ಬೆನ್ನನ್ನೂ ತಡವಿ ನೋಡುತ್ತ ಹೋದೆ. ಅಂಥ ಪಾಪವನ್ನು ಯಾವ ನಾಸ್ತಿಕನೂ ಮಾಡಿರಲಿಕ್ಕಿಲ್ಲ. ಬಲೆ ಎಳೆಯುತ್ತಿದ್ದ ಒಬ್ಬರು, "ಒಡಿಯಾ, ಎಂತ ಹುಡುಕ್ತ್ರಿ?" ಎಂದು ಕೇಳಿದರು. "ಕೆನಡಾ" ಎಂದೆ. ಅವರು ಸಮುದ್ರದ ಕಡೆ ಕೈ ತೋರಿಸಿ, "ಇನ್ನೂ ದೂರ ಅದೆ" ಎಂದರು. ಅಕ್ಕ ನಕ್ಕಳು. ಆ ದಿನ ಅವಳು ನಕ್ಕದ್ದು ಅದೊಂದೇ ಸಲ.

ಈಗ ವಿಮಾನ ಹತ್ತಲು ಬೇರೊಂದು ಪ್ರಯಾಣದ ಕಾಗದ ತರಿಸಬೇಕು, ಅದಕ್ಕೆ ಮೊದಲು ಕಾರ್ಡು ಕಳೆದ ಬಗ್ಗೆ ಪೊಲೀಸರ ಚೀಟಿ ಬೇಕು. ಠಾಣೆಯಲ್ಲಿ ಬರೆದುಕೊಳ್ಳುವವರು ಒಳ್ಳೆಯ ಮನುಷ್ಯ, ಪೂರ್ತಿ ಕಥೆ ಕೇಳಿದರು, ನಡುವೆ ಚಾ ತರಿಸಿದರು. ಆಮೇಲೆ ಪೆನ್ನು ಕೆಳಗಿಟ್ಟರು.

"ಇದಕ್ಕೆ ಫಾರ್ಮ್ಯಾಟ್ ಇಲ್ರೀ. ಕಳವು ಅಂದ್ರೆ ಕಳ್ಳ ಬೇಕು. ಬಸ್ಸಲ್ಲಿ ಬಿದ್ದೋಯ್ತು ಅಂತ ಬರೀತೆ, ಅದಕ್ಕೆ ರೆಡಿ ಅದೆ."

"ಸುಳ್ಳು ಬೇಡ" ಎಂದಳು ಅಕ್ಕ. "ಸುಳ್ಳು ಬರ್ದದ್ದು ಗೊತ್ತಾದ್ರೆ ಅಲ್ಲಿ ನನ್ನ ಹೊರಗೇ ಹಾಕ್ತ್ರು."

"ಹಾಗಾರೆ ಗಣಪತಿ ತಗಂಡು ಹೋದ ಅಂತ ಬರೀಲಾ ಅಕ್ಕಾ? ನಾಳೆ ಅವನ್ನ ಹುಡ್ಕಿ ಹಾಜರು ಮಾಡು ಅಂದ್ರೆ ನಾ ಎಲ್ಲಿಗೆ ಹೋಗ್ಲಿ?" ಎಂದರು ಠಾಣೆಯವರು.

ಕೊನೆಗೆ ನನ್ನ ಮೂವತ್ತು ವರ್ಷದ ವಿದ್ಯೆಯನ್ನೆಲ್ಲ ಒಟ್ಟುಮಾಡಿ ನಾನೇ ಒಂದು ವಾಕ್ಯ ಹೊಸೆದೆ. 'ಸದರಿ ಕಾರ್ಡು ಧಾರ್ಮಿಕ ವಿಧಿಯ ಕಾಲಕ್ಕೆ ಮೂರ್ತಿಯ ಹಿಂಬದಿಗೆ ಆಕಸ್ಮಿಕವಾಗಿ ಅಂಟಿಕೊಂಡು ಮೂರ್ತಿಯ ಸಮೇತ ಜಲಗತವಾಗಿರುತ್ತದೆ.' ಇದನ್ನೇ ಇಂಗ್ಲಿಷಿಗೆ ತಿರುಗಿಸಿ ಅರ್ಜಿಯ ಜೊತೆ ಕಳಿಸಿದೆವು. ಎರಡು ವಾರಕ್ಕೆ ಅಲ್ಲಿಂದ ಉತ್ತರ ಬಂತು: ಕಳೆಯುವ ಹೊತ್ತಿಗೆ ಕಾರ್ಡು ಯಾರ ವಶದಲ್ಲಿತ್ತು, ಸ್ಪಷ್ಟಪಡಿಸಿ. ಓದಿ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಏಳು ಸಮುದ್ರದಾಚೆಯೂ ನನ್ನ ಹಾಗೆಯೇ ಒಬ್ಬ ಕುರ್ಚಿಯಲ್ಲಿ ಕೂತಿದ್ದಾನೆ ಎಂದು ತಿಳಿಯಿತು.

ಅದೇ ಉತ್ತರದಲ್ಲಿ ಇನ್ನೊಂದು ಸಾಲಿತ್ತು, ಫೋಟೋ ತಿರಸ್ಕೃತ. ಫೋಟೋ ತೆಗೆದದ್ದು ಕಾರವಾರದ ಒಂದು ಸ್ಟುಡಿಯೋದಲ್ಲಿ. ಅಳತೆ ಸರಿ, ಹಿಂದಿನ ಪರದೆ ಬಿಳಿ, ಅಕ್ಕ ನಕ್ಕಿರಲಿಲ್ಲ, ನಗುವ ಸ್ಥಿತಿಯಲ್ಲೂ ಇರಲಿಲ್ಲ. ಫೋಟೋ ಹಿಡಿದುಕೊಂಡು ಮತ್ತೆ ಹೋಗಿ ಕೇಳಿದರೆ ಸ್ಟುಡಿಯೋದ ಮಾಲಕರು ಹೆಮ್ಮೆಯಿಂದ ಹೇಳಿದರು:

"ಕೆನಡಾಕ್ಕೆ ಅಂದ್ರಲ್ಲ ಬಾಯಿಯೋರೇ, ಅದ್ಕೆ ಸ್ವಲ್ಪ ಬಿಳೀ ಮಾಡಿ ಕೊಟ್ಟೆ. ಕೆನ್ನೆ ಮೇಲಿನ ಮಚ್ಚೆಯನ್ನೂ ತೆಗ್ದೆ. ಎಕ್ಸ್‌ಟ್ರಾ ಚಾರ್ಜ್ ತಗಳ್ಲಿಲ್ಲ."

"ನೀವು ತೆಗ್ದದ್ದು ನನ್ ಗುರುತು, ಪುಣ್ಯಾತ್ಮರೇ" ಎಂದಳು ಅಕ್ಕ. ಇದ್ದ ಹಾಗೇ ಕಪ್ಪಗೆ, ಮಚ್ಚೆಯ ಸಮೇತ, ಇನ್ನೊಂದು ಫೋಟೋ ತೆಗೆಸಿ ಮತ್ತೆ ಕಳಿಸಿದೆವು. ಮತ್ತೆ ಕಾಯುವುದು ಮೊದಲಾಯಿತು.

ಆ ದಿನಗಳನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ, ಯಾಕೆಂದರೆ ನಾನು ಸುಖವಾಗಿದ್ದೆ. ಬೆಳಿಗ್ಗೆ ಅಕ್ಕನ ಕೈಯ ದೋಸೆ, ಮಧ್ಯಾಹ್ನ ಅವಳೇ ಅರೆದ ಮಸಾಲೆಯ ಬಂಗಡೆ. ಜೀವಮಾನದಲ್ಲಿ ನಾನು ಸಲ್ಲಿಸಿದ ಅರ್ಜಿಗಳಲ್ಲಿ ಐದೇ ದಿನಕ್ಕೆ ಮಂಜೂರಾದದ್ದು ಗಣಪತಿಗೆ ಕೊಟ್ಟದ್ದೊಂದೇ. ಅಕ್ಕ ಮಾತ್ರ ದಿನಕ್ಕೆ ಹತ್ತು ಸಲ ಫೋನು ನೋಡುತ್ತಿದ್ದಳು. ಒಂದು ಸಂಜೆ, ಬಳಚಿನ ಚಿಪ್ಪು ಬಿಡಿಸುತ್ತ ಕೂತಿದ್ದವಳು ಥಟ್ಟನೆ ಹೇಳಿದಳು:

"ಹೋದವ್ಳೇ ಸಿಟಿಜನ್‌ಶಿಪ್ಪಿಗೆ ಅರ್ಜಿ ಹಾಕ್ತೆ. ಒಂದ್ ಪ್ಲಾಸ್ಟಿಕ್ ತುಂಡು ನನ್ನ ಮಗಳ ಹತ್ರ ಹೋಗೂಕೆ ಬಿಡೂದಿಲ್ಲ ಅಂದ್ರೆ ಎಂತಕೆ ಬೇಕು ಈ ಖಾಯಂ?"

ಟೂರಿಸ್ಟು ಎಂಬ ಮಾತು ಈ ಸಲ ನನ್ನ ಬಾಯಿಗೆ ಬರಲಿಲ್ಲ. ಮಾರನೆಯ ದಿನದಿಂದ ಅವಳು ನಾಗರಿಕತ್ವದ ಪರೀಕ್ಷೆಗೆ ಓದತೊಡಗಿದಳು (ಅವಳ ವಯಸ್ಸಿಗೆ ಅದು ಮಾಫಿ ಎಂದು ತಿಳಿದದ್ದು ಆಮೇಲೆ), ಪ್ರಶ್ನೆ ಕೇಳುವ ಮೇಷ್ಟ್ರು ನಾನು. ಎಷ್ಟು ಪ್ರಾಂತ, ರಾಜಧಾನಿ ಯಾವುದು, ಮೇಲ್ಮನೆಗೆ ಸದಸ್ಯರನ್ನು ಯಾರು ನೇಮಿಸುತ್ತಾರೆ. ಒಲೆಯ ಮುಂದಿದ್ದ ಸುಮಿತ್ರಾ ಅಕ್ಕನಿಗಿಂತ ಮೊದಲೇ ಉತ್ತರ ಹೇಳಿಬಿಡುತ್ತಿದ್ದಳು. "ಅತ್ತಿಗೇ, ನಿಮ್ ಬದ್ಲಿ ನನ್ನೇ ಕಳ್ಸಿ. ಇವ್ರ ಕೈಯಿಂದ ನಂಗೂ ಬಿಡುಗಡೆ" ಎನ್ನುತ್ತಿದ್ದಳು.

ಪಲ್ಲವಿಗೆ ದಿನಕ್ಕಿಂತ ಮೊದಲೇ ನೋವು ಬಂತು. ದೀಪಾವಳಿಗೆ ಇನ್ನೂ ವಾರವಿತ್ತು. ಬೆಳಿಗ್ಗೆ ಫೋನಿನಲ್ಲಿ ಮಗುವಿನ ಮೋರೆ ಕಂಡಿತು, ಹೆಣ್ಣು. ಮೊದಲ ನೀರು ಹಾಕಿದವರು ಪಕ್ಕದ ಮನೆಯ ಪಂಜಾಬಿ ಹೆಂಗಸಂತೆ. ಅಕ್ಕ ಫೋನನ್ನು ಕಂಬಕ್ಕೆ ಒರಗಿಸಿಟ್ಟು, "ತಲೆಗೆ ಎಣ್ಣಿ ಬಿಡೂಕೆ ಹೇಳು, ಕಿವಿಗೆ ಗಾಳಿ ಹೋಗ್ದೆ ಇರ್ಲಿ" ಎಂದು ಹೇಳುತ್ತಲೇ ಇದ್ದಳು. ಆಚೆ ಮಾತು ಕಡಿದುಹೋದದ್ದು ಅವಳಿಗೆ ತಿಳಿಯಲೇ ಇಲ್ಲ. ಅವಳು ಕಾಯಿಸಿ ಡಬ್ಬಿ ತುಂಬಿಟ್ಟಿದ್ದ ಲೇಹ್ಯ ಜಗಲಿಯ ಮೂಲೆಯಲ್ಲಿತ್ತು. ಸಾವಿರಾರು ಮುದುಕರಿಗೆ ಸ್ನಾನ ಮಾಡಿಸಿದ ಕೈ, ಸ್ವಂತ ಮೊಮ್ಮಗಳಿಗೆ ಮೊದಲ ನೀರು ಹಾಕಲಿಲ್ಲ. ನಾನು ತೋಟ ನೋಡುವ ನೆಪದಲ್ಲಿ ಹಿತ್ತಲಿಗೆ ಹೋಗಿ ಅತ್ತೆ. ನಮಗೆ ತೋಟವಿಲ್ಲ, ನಾಲ್ಕು ಬಾಳೆ ಇವೆ.

ಪ್ರಯಾಣದ ಕಾಗದ ಬಂದದ್ದು ಆಮೇಲೆ ಒಂಬತ್ತು ದಿನಕ್ಕೆ. ಹೊರಡುವ ದಿನ ಬಾಳೆಗುಳಿ ಕ್ರಾಸಿನಲ್ಲಿ ಬಸ್ಸು ಕಾಯುತ್ತಿದ್ದಾಗ ಅಕ್ಕ ಕೇಳಿದಳು:

"ತಮಾ, ಅವತ್ತು ಕಾರ್ಡ್ ಇಡೂವಾಗ ಗಣಪತಿ ಹತ್ರ ಎಂತ ಬೇಡ್ಕಂಡೆ?"

"ಅಕ್ಕ ಬೇಗ ಸಿಟಿಜನ್ ಆಗ್ಲಿ ಅಂತ."

ಅವಳು ನನ್ನನ್ನೇ ನೋಡಿದಳು. "ಹೌದಾ" ಎಂದಳು. ಬಸ್ಸು ಬಂತು.

ಆ ಸುಳ್ಳೂ ಮಂಜೂರಾಯಿತು ನೋಡಿ! ಒಂದೂವರೆ ವರ್ಷದೊಳಗೆ ಅಕ್ಕ ಆ ದೇಶದ ಪ್ರಜೆಯಾದಳು. ಪ್ರತಿಜ್ಞೆಯನ್ನು ಅವಳು ಕಂಪ್ಯೂಟರಿನ ಮುಂದೆ, ಅಡುಗೆಮನೆಯಲ್ಲಿ, ಇಳಕಲ್ ಸೀರೆಯುಟ್ಟು ತೆಗೆದುಕೊಂಡಳು. ಅದರ ವೀಡಿಯೋವನ್ನು ಪಲ್ಲವಿ ನಮಗೆ ಕಳಿಸಿದಳು. ಅಲ್ಲಿ ಇನ್ನೂ ರಾಜನಿದ್ದಾನಂತೆ. ಅವನಿಗೂ ಅವನ ವಾರಸುದಾರರಿಗೂ ನಿಷ್ಠಳಾಗಿರುತ್ತೇನೆ ಎಂದು ಹೇಳಬೇಕು. ವಾರಸುದಾರರು ಎಂಬಲ್ಲಿ ನನಗೆ ನಮ್ಮ ಪಹಣಿ ನೆನಪಾಯಿತು. ಅಪ್ಪ ಒಡೆಯರ ಕೈಯಿಂದ ಬಿಡಿಸಿಕೊಂಡು ಬಂದ, ಮಗಳು ಹೋಗಿ ರಾಜನ ಒಕ್ಕಲಾದಳು. ಗಣಪತಿಯ ಕಚೇರಿಯಲ್ಲಿ ಕಡತಗಳು ಹೀಗೆಲ್ಲ ತಿರುಗುತ್ತವೆ. ಅವಳ ಇಲ್ಲಿಯ ಪಾಸ್‌ಪೋರ್ಟಿಗೆ ರದ್ದು ಎಂದು ಮುದ್ರೆ ಬಿತ್ತು. ಮನೆಯ ಪದ್ಧತಿಯಲ್ಲೂ ಒಂದು ತಿದ್ದುಪಡಿಯಾಯಿತು: ಕಳೆದ ವರ್ಷದಿಂದ ಅಸಲು ಕಪಾಟಿನಲ್ಲಿ, ಮಣೆಯ ಅಡಿಗೆ ಬರೇ ಝೆರಾಕ್ಸು. ಅಂಗಡಿಯಾಕೆ ಅದಕ್ಕೆ 'ದೇವರ ಕಾಪಿ' ಎಂದು ಹೆಸರಿಟ್ಟಿದ್ದಾಳೆ.

ಮೊನ್ನೆ ಅಕ್ಕ ಬಂದಳು. ನಾಲ್ಕು ದಿನದಲ್ಲಿ ಚೌತಿ. ಮನೆಯಲ್ಲಿ ವಿದೇಶೀಯರು ಬಂದು ಉಳಿದರೆ ಮನೆಯ ಯಜಮಾನ ಪೊಲೀಸರಿಗೆ ತಿಳಿಸಬೇಕಂತೆ, ಅದಕ್ಕೊಂದು ಫಾರ್ಮ್ ಇದೆಯಂತೆ. ನಿನ್ನೆ ನಾನು ಕಾರವಾರಕ್ಕೆ ಹೋದದ್ದು ಅದನ್ನು ತುಂಬಿಸಲು. ಅಂಗಡಿಯಾಕೆ ಕಂಪ್ಯೂಟರಿನಲ್ಲಿ ಒಂದೊಂದೇ ಕಾಲಂ ಓದಿದಳು, ನಾನು ಹೇಳುತ್ತ ಹೋದೆ. ವಿದೇಶೀಯರ ಹೆಸರು. ಹೇಳಿದೆ. ರಾಷ್ಟ್ರೀಯತೆ. ಅದನ್ನೂ ಹೇಳಿದೆ. ಹುಟ್ಟಿದ ಸ್ಥಳ. ನಮ್ಮ ಮನೆಯ ವಿಳಾಸ ಹೇಳಿದೆ. ತಂಗಿರುವ ಸ್ಥಳ. ಅದನ್ನೇ ಹೇಳಿದೆ.

"ಸರ್, ಒಂದೇ ಅಡ್ರೆಸ್ ಎರಡ್ ಸಲ ಹೇಳಿದ್ರಿ."

"ತಪ್ಪಿಲ್ಲ, ಹಾಕು" ಎಂದೆ. ಅಕ್ಕ ಹುಟ್ಟಿದ್ದು ನಡುಮನೆಯ ಪಕ್ಕದ ಕೋಣೆಯಲ್ಲಿ. ಈಗ ಮಲಗುವುದೂ ಅಲ್ಲೇ.

ಆಮೇಲೆ ಭೇಟಿಯ ಉದ್ದೇಶ ಎಂಬ ಕಾಲಂ ಬಂತು. ಅಲ್ಲಿ ನಾನು ಸಿಕ್ಕಿಬಿದ್ದೆ. ಮನೆಗೆ ಫೋನು ಮಾಡಿ ಅಕ್ಕನನ್ನೇ ಕೇಳಿದೆ, "ಎಂತಕೆ ಬಂದದ್ದು ಅಂತ ಬರೀಬೇಕಂತೆ. ಎಂತ ಹಾಕ್ಲಿ?"

"ಕಾರ್ಡ್ ಹುಡ್ಕೂಕೆ ಅಂತ ಹಾಕು" ಎಂದಳು. ಹಿಂದೆ ಸುಮಿತ್ರಾ ನಗುವುದು ಕೇಳಿಸಿತು, ಒಂದು ಪುಟ್ಟ ಮಗು ಕಿರುಚುವುದೂ. ಮೊಮ್ಮಗಳನ್ನು ಅವಳು ಜೊತೆಗೇ ತಂದಿದ್ದಾಳೆ.

ನನಗೆ ಏನಾಯಿತೋ, ಆ ಪ್ಲಾಸ್ಟಿಕ್ಕಿನ ವಾಸನೆಯ ನಡುವೆಯೇ, ಅಂಗಡಿಯಾಕೆಯ ಎದುರಿಗೇ ಹೇಳಿಬಿಟ್ಟೆ: "ಅಕ್ಕ, ಅವತ್ತು ಕ್ರಾಸಲ್ಲಿ ನಾ ನಿಂಗೆ ಸುಳ್ಳು ಹೇಳ್ದೆ. ಗಣಪತಿ ಹತ್ರ ನಾ ಬೇಡ್ಕಂಡದ್ದು ಬೇರೆ."

"ಗೊತ್ತದೆ ತಮಾ. ನಾ ಬಾಗ್ಲ ಹಿಂದೇ ಇದ್ದೆ. ಮನಸಲ್ಲಿ ಬೇಡ್ಕಣೂಕೆ ನಿಂಗೆ ಯಾವತ್ತು ಬಂದದೆ?"

"ಮತ್ತೆ ಒಂದ್ ದಿನನೂ ಬೈಲಿಲ್ಲ ನೀನು?"

"ಎಂತ ಅಂತ ಬೈಯೂದು? ಹೋಗ್ಬೇಡ ಅಂತ ಇಷ್ಟು ವರ್ಷದಲ್ಲಿ ನೀ ಒಂದ್ಸಲನೂ ಬಾಯ್ಬಿಟ್ಟು ಹೇಳಿದ್ದಿಲ್ಲ. ದೇವ್ರ ಹತ್ರ ಆದ್ರೂ ಹೇಳಿದ್ಯಲ್ಲ." ಆಮೇಲೆ ದನಿ ಬದಲಿಸಿ, "ಬರ್ತಾ ಎಳ್ನೀರು ತಕಂಡು ಬಾ, ಈ ಪುಟ್ಟಿ ಬೇರೆ ಏನೂ ಕುಡೀತಿಲ್ಲ" ಎಂದು ಫೋನು ಇಟ್ಟಳು.

ನಾನು ಕಣ್ಣೊರೆಸಿಕೊಂಡು, ಉದ್ದೇಶದ ಕಾಲಮ್ಮಿಗೆ 'ತಮ್ಮನ ಮನೆ' ಎಂದು ಹಾಕಲು ಹೇಳಿದೆ. ಅದು ಉದ್ದೇಶವಲ್ಲ ಎಂದು ಯಾವನಾದರೂ ಗುಮಾಸ್ತ ತಿರುಗಿಸಿ ಕಳಿಸಿದರೆ ಕಳಿಸಲಿ. ಅಂಗಡಿಯಾಕೆ ಬಟನ್ ಒತ್ತಿದಳು, ಬಿಸಿ ಕಾಗದ ಹೊರಬಂತು.

"ಸರ್, ಇನ್ನೊಂದು ತೆಗೀಲಾ? ದೇವರ ಕಾಪಿ?"

ಬೇಡ ಎಂದೆ. ಕೇಳುವುದಿದ್ದರೆ ಈ ಸಲ ಅಕ್ಕನನ್ನೇ ಕೇಳುತ್ತೇನೆ, ಅವಳು ಮನೆಯಲ್ಲೇ ಇದ್ದಾಳೆ.